ಗುಲಾಬದಾನಿ ಹಿಡಿದ ವಕೀಲರು

ಮೊನ್ನೆ ಪುಣೆಯ ಸದಾಶಿವ ಪೇಟೆಯ ಮದುವೆಯೊಂದರಲ್ಲಿ ಯಾರೋ ನನ್ನ ಮುಂಗೈಗೆ ಅತ್ತರು ಸವರಿ, ಗುಲಾಬಿ ನೀರಿನ ಬೆಳ್ಳಿಯ ಗುಲಾಬದಾನಿ ಎತ್ತಿದರು. ನಾನು ಸರಕ್ಕನೆ ಹಿಂದೆ ಸರಿದೆ. ಆ ವಾಸನೆಗೆ, ಹಿಂದೆ ನಾವು ಹತ್ತಾರು ಬಿಡಾರದವರು ಕೂಡಿ ಇದ್ದ ವಾಡೆಯ ಮಹಡಿಯಲ್ಲಿದ್ದ ವಕೀಲರು ನೆನಪಾದರು... ಜೊತೆಗೇ ಹೇಸಿಗೆಯೂ.

ಧಾರವಾಡದ ಕಡೆಯವರು, ನಗರಸಭೆಯ ಸದಸ್ಯರು. ಯಾರಿಗೂ 'ಇಲ್ಲ' ಎಂದವರಲ್ಲ. ಕಲೆಕ್ಟರನ ಮುಂದೆ ಯಾವ ದನಿಯೋ ಕೂಲಿಯವನ ಮುಂದೆಯೂ ಅದೇ ದನಿ. ಕಾಲೇಜಿನಲ್ಲಿ ತರ್ಕಶಾಸ್ತ್ರ ಓದುತ್ತಿದ್ದ ನಾನು ಅದನ್ನು ಸಂಸ್ಕಾರವೆಂದೇ ನಂಬಿದ್ದೆ.

ವಾಡೆಯ ಹಿಂದೆ ವಿಜಾಪುರದ ಕಡೆಯಿಂದ ಬಂದ, ಮನೆ ಕಟ್ಟುವ ಗೌಂಡಿಗಳ ಗಲ್ಲಿ. ಅವರಿಗಿದ್ದ ಒಂದೇ ಬಾವಿ ಕೊಳೆತಿತ್ತು. ಆ ಬೇಸಿಗೆ ಕಾಲರಾ ಬಂತು. ಒಬ್ಬ ಮುದುಕಿಯ ಮೊಮ್ಮಗಳು ಹೋದಳು. ಆಕೆಯ ಮನೆಯ ಇನ್ನೊಂದು ಕೂಸು ಹಾಸಿಗೆ ಹಿಡಿದಿತ್ತು. ನಲ್ಲಿ ಬೇಕೆಂದು ಗಲ್ಲಿಯವರು ಸಭೆ ಕರೆದರು.

"ನೀವು ನಮಗ ಹಿರಿಯರ್ರಿ. ನಿಮ್ಮ ತಾಳ್ಮಿ ಮುಂದ ನಾ ಭಾಳ ಸಣ್ಣವ. ಇನ್ನೊಂದು ವರ್ಷ ಆ ತಾಳ್ಮೀನ ನನಗ ಆಶೀರ್ವಾದ ಅಂತ ಕೊಡ್ರಿ," ಎಂದು ವಕೀಲರು ಕೈಮುಗಿದರು. ಜನ ಚಪ್ಪಾಳೆ ತಟ್ಟಿದರು. ಆ ವರ್ಷ ಹಾಕುವ ನೀರಿನ ಕೊಳವೆ ಸಿರಿವಂತರ ಬಂಗಲೆಗಳ ಕಡೆಗೆ ಹೋಗಲೆಂದು ಅವರು ಹಿಂದಿನ ದಿನವೇ ನಗರಸಭೆಯಲ್ಲಿ ಒಪ್ಪಿ ಬಂದಿದ್ದರು. ಅದು ನನಗೆ ತಿಳಿದದ್ದು ಆಮೇಲೆ. ಒದ್ದು ಓಡಿಸುವವನೊಡನೆ ಜಗಳವಾದರೂ ಆಡಬಹುದು. ಕೈಮುಗಿದು ಬಾಗಿಲು ಹಾಕುವವನೊಡನೆ ಏನು ಆಡುವುದು?

ಸಭೆ ಮುಗಿಯುವಾಗ ಪದ್ಧತಿಯಂತೆ ಅತ್ತರು, ಗುಲಾಬಿ ನೀರು. ಗುಲಾಬದಾನಿಯನ್ನು ವಕೀಲರೇ ಹಿಡಿದು ಎಲ್ಲರ ಮೇಲೂ ಚಿಮುಕಿಸುತ್ತ ಬಂದರು. ಮುದುಕಿ ಬೊಗಸೆ ಒಡ್ಡಿ ನಿಂತಳು.

"ಇಷ್ಟ ಏನ್ರಿ ಸಾಹೇಬ್ರ? ಕೂಸಿಗಿ ಕುಡಸಾಕ ಸಾಲೂದಿಲ್ರಿ."

ಯಾರೋ ನಕ್ಕರು. ವಕೀಲರು ಬಾಗಿ ಆಕೆಯ ಪಾದ ಮುಟ್ಟಿದರು. "ತಪ್ಪಾತು ತಾಯಿ, ಹೊಟ್ಯಾಗ ಹಾಕ್ಕೋರಿ." ಈ ಸಲದ ಚಪ್ಪಾಳೆಯಲ್ಲಿ ಆಕೆಯ ಮಾತು ಮುಳುಗಿಯೇ ಹೋಯಿತು.

ಆಕೆ ನಿಜಕ್ಕೂ ಹಾಗೆ ಕೇಳಿದಳೇ? ವಕೀಲರನ್ನು ಯಾರೂ ಪ್ರಶ್ನಿಸಲಿಲ್ಲವಲ್ಲ ಎಂಬ ಸಂಕಟಕ್ಕೆ ಆ ಮಾತನ್ನು ನಾನೇ ಕಟ್ಟಿಕೊಂಡೆನೇ? ಹೇಳಲಾರೆ... ಬೊಗಸೆಯನ್ನು ಮಾತ್ರ ಕಂಡಿದ್ದೆ. ಆ ಕೂಸೂ ಉಳಿಯಲಿಲ್ಲ.

ವಕೀಲರು ತೀರಿಕೊಂಡ ಮೇಲೆ ಗಲ್ಲಿಗೆ ನಲ್ಲಿ ಬಂತು. ಅದರ ಕಲ್ಲಿನ ಮೇಲೆ ಅವರದೇ ಹೆಸರು. ಅಷ್ಟು ಇಂಪಾದ ಕನ್ನಡವನ್ನು ಪುಣೆಯಲ್ಲಿ ನಾನು ಮತ್ತೆ ಕೇಳಿಲ್ಲ. ಅದೂ ಒಂದು ನಷ್ಟವೇ, ಒಪ್ಪುತ್ತೇನೆ. ಮದುವೆಯಿಂದ ಬರುವಾಗ ಅತ್ತರು ತೊಳೆಯಲು ಆ ನಲ್ಲಿಗೇ ಹೋದೆ. ನೀರು ಹಿಡಿಯುತ್ತಿದ್ದ ಹೆಂಗಸೊಬ್ಬಳು ಕೊಡ ಸರಿಸಿ, "ಬರ್ರಿ, ಮೊದಲ ನೀವು ತೊಳಕೋರಿ," ಎಂದಳು.

ಆಕೆಗೆ ನಮಸ್ಕರಿಸಬೇಕೆನಿಸಿತು. ವಕೀಲರ ಮುಗಿದ ಕೈಗಳು ಕಣ್ಣ ಮುಂದೆ ಬಂದು, ನನ್ನ ಕೈ ಏಳಲಿಲ್ಲ.