ಯಾವ ಊರಿನ ಖಲಾಸ್

ಸದಾನಂದಣ್ಣ, ಆ ದಿನ ಫೋನಿನಲ್ಲಿ ನಾನು ಹೇಳಿದ ‘ಖಲಾಸ್’ ಕುವೈತಿನದಲ್ಲ — ಮುಂಬಯಿಯದು. ನಿಮ್ಮನ್ನು ಕೊಲ್ಲಿ ಎಂದವನು ನಾನೇ.

ಇಷ್ಟು ವರ್ಷ ನೀವು ಕಂಡಕಂಡವರಿಗೆ ಬೇರೆಯೇ ಕತೆ ಹೇಳುತ್ತ ಬಂದಿರಿ. ಆ ಕತೆ ಕಟ್ಟಿದ್ದೂ ನಾನೇ. ಕುವೈತಿನಲ್ಲಿ ಚಹಾ ಕುಡಿದು ಲೋಟ ಇಟ್ಟರೂ ಖಲಾಸ್, ಗೋದಾಮಿಗೆ ಬೀಗ ಹಾಕಿದರೂ ಖಲಾಸ್ — ಮುಗಿಯಿತು, ಬಿಡಿ ಎಂದಷ್ಟೇ ಅರ್ಥ. ಮುಂಬಯಿಯ ನಮ್ಮ ಗಲ್ಲಿಯಲ್ಲಿ ಮಾತ್ರ ಅದು ಹೆಣ ಬೀಳಿಸುವ ಮಾತು. ಜಗಳ ಬಿಟ್ಟುಬಿಡಿ ಎಂದಿದ್ದೆ, ಹುಡುಗರು ತಪ್ಪು ತಿಳಿದರು ಎಂದು ನಿಮಗೆ ಫೋನು ಮಾಡಿ ಅತ್ತೆ. ನೀವು ಆಸ್ಪತ್ರೆಯ ಹಾಸಿಗೆಯಿಂದ ಪೊಲೀಸರಿಗೂ ಅದನ್ನೇ ಹೇಳಿ ನನ್ನನ್ನು ಉಳಿಸಿದಿರಿ.

ಆಗ ನಾನು ದೊಡ್ಡ ಜನ — ಥೂ, ಎಂಥ ದೊಡ್ಡಸ್ತಿಕೆ! ನಾನು ಕೆಮ್ಮಿದರೆ ಗಲ್ಲಿಯ ಅಂಗಡಿಗಳು ಬಾಗಿಲು ಹಾಕುತ್ತಿದ್ದವು. ಪೊಲೀಸರು ಬೆನ್ನು ಹತ್ತಿದಾಗ ಇಲ್ಲಿಗೆ, ಕುವೈತಿಗೆ ಓಡಿಬಂದೆ. ಸಬ್ಹಾನಿನ ಗೋದಾಮಿನಲ್ಲಿ ಪೆಟ್ಟಿಗೆಗಳ ಮೇಲೆ ಕುಳಿತು ಫೋನಿನಲ್ಲೇ ದರ್ಬಾರು. ಇಲ್ಲಿ ಸೂಪರ್‌ವೈಸರ್ ಗದರಿದರೆ ತಲೆ ತಗ್ಗಿಸುವ ಕೂಲಿ, ಅಲ್ಲಿ ಎಲ್ಲರಿಗೂ ‘ಅಣ್ಣ’.

ನೀವೋ — ಊರಿನಿಂದ ಕೈಹಿಡಿದು ನನ್ನನ್ನು ಮುಂಬಯಿಗೆ ಕರೆತಂದವರು, ಅದೇ ಗಲ್ಲಿಯಲ್ಲಿ ಹೋಟೆಲು ಇಟ್ಟವರು. ನನ್ನ ಹುಡುಗರನ್ನು ಒಬ್ಬೊಬ್ಬರನ್ನೇ ಕರೆದು, ಹೊಟ್ಟೆ ತುಂಬ ಉಣಿಸಿ, ಅಡುಗೆಮನೆಯ ಕೆಲಸಕ್ಕೆ ಹಚ್ಚತೊಡಗಿದಿರಿ. ಚೂರಿ ಹಿಡಿದವರು ಈರುಳ್ಳಿ ಹೆಚ್ಚುತ್ತಿದ್ದಾರೆ ಎಂದು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು.

ಇನ್ನೊಂದು ಸಂಗತಿ — ಮೊನ್ನೆಯವರೆಗೆ ಇದನ್ನು ಯಾರಿಗೂ ಹೇಳಿರಲಿಲ್ಲ. ನಾನು ಖಲಾಸ್ ಎಂದಾಗ ಮುಂಬಯಿಯಲ್ಲಿ ಫೋನು ಹಿಡಿದಿದ್ದ ಹುಡುಗನೂ ನಿಮ್ಮ ಅನ್ನ ಉಂಡವನೇ. ಅವನಿಗೆ ಮನಸ್ಸು ಬರಲಿಲ್ಲ. ಕೇಳಿದ:

“ಅಣ್ಣ, ಕುವೈತಿನ ಖಲಾಸಾ, ನಮ್ಮದಾ?”

“ನಮ್ಮದೇ” ಎಂದೆ.

ಬಿಡಿಸಿಕೊಳ್ಳಲು ಅವನು ದಾರಿ ಕೊಟ್ಟಿದ್ದ, ನೋಡಿ. ನಾನು ಹಿಡಿಯಲಿಲ್ಲ. ಕೊನೆಗೆ ಮಾತು ತಿಳಿಯದ ದಡ್ಡ ಎನ್ನಿಸಿಕೊಂಡು ಅವನೇ ಜೈಲಿಗೆ ಹೋದ — ಇಂದಿಗೂ ಬಾಯಿ ಬಿಟ್ಟಿಲ್ಲ. ನೀವು ಬದುಕಿದ್ದು ನಿಮ್ಮ ಪುಣ್ಯ. ಚೂರಿ ಬಿದ್ದ ನಿಮ್ಮ ಬಲಗೈಗೆ ಮಾತ್ರ ಇನ್ನೂ ತುತ್ತು ಎತ್ತಲಾಗುವುದಿಲ್ಲ.

ಆಮೇಲೆ ಆ ದಂಧೆ ಬಿಟ್ಟೆ, ಇಲ್ಲೇ ಕುವೈತಿನ ರಾಯ್‌ನಲ್ಲಿ ಸಣ್ಣ ಹೋಟೆಲು ಹಾಕಿದೆ. ಪಾಪದ ಮನುಷ್ಯ, ಯಾರ ತಂಟೆಗೂ ಹೋಗದವನು ಎನ್ನುತ್ತಾರೆ ಜನ. ಕೇಳಿದಾಗೆಲ್ಲ ನಾಚಿಕೆಯಾಗುತ್ತದೆ.

ಮೊನ್ನೆ ನಿಮ್ಮ ಮಗಳು ಸುಷ್ಮಾ ಹೋಟೆಲಿಗೆ ಬಂದಿದ್ದಳು. ಅಪ್ಪ ಕುವೈತಿಗೆ ಬರುತ್ತಿದ್ದಾರೆ, ಶುಕ್ರವಾರ ಫಿಂಟಾಸಿನ ನಮ್ಮ ಮನೆಗೆ ಊಟಕ್ಕೆ ಬನ್ನಿ, ಕೋರಿ ರೊಟ್ಟಿ ಮಾಡುತ್ತೇನೆ ಎಂದಳು. ನನ್ನ ಬಗ್ಗೆ ನೀವು ಎಷ್ಟು ಒಳ್ಳೆಯದು ಹೇಳುತ್ತೀರಿ ಎಂದೂ ಹೇಳಿದಳು. ಅಷ್ಟು ಕೇಳಿದ ಮೇಲೆ ನನ್ನಿಂದ ತಡೆಯಲಾಗಲಿಲ್ಲ — ಎಲ್ಲ ಹೇಳಿಬಿಟ್ಟೆ. ಅವಳ ಮುಖ ಬಿಳಿಚಿತು. ಎದ್ದು ಹೋದಳು. ಬಾಗಿಲು ದಾಟಿದವಳು ಮತ್ತೆ ತಿರುಗಿ ಬಂದಳು.

“ಶುಕ್ರವಾರ ಬನ್ನಿ ಅಂಕಲ್. ಆದ್ರೆ ಊಟದ ಮೊದಲೇ ಹೇಳ್ಬೇಕು. ನಮ್ಮಲ್ಲಿ ನೀವು ಉಂಡ್ಮೇಲೆ ಅಪ್ಪನಿಗೆ ನಿಮ್ಗೆ ಬೈಲಿಕ್ಕೂ ಆಗುದಿಲ್ಲ. ಅವ್ರಿಗೆ ಬೈಲಿಕ್ಕೆ ಬಿಡಿ.”

ಎಷ್ಟು ಸರಿಯಾಗಿ ಹೇಳಿದಳು! ಉಂಡವನನ್ನು ಹೊರಗೆ ಹಾಕುವ ಜಾಯಮಾನ ನಿಮ್ಮದಲ್ಲ. ಅದು ನನಗೂ ಗೊತ್ತು. ಆದರೆ ಅವಳು ತಿರುಗಿ ಬಂದಳಲ್ಲ — ಅದೇ ನನಗೆ ಧೈರ್ಯ, ಸದಾನಂದಣ್ಣ. ಬಹಳ ವರ್ಷಗಳ ಮೇಲೆ ಒಳಗೆ ಏನೋ ಹಗುರಾಗಿದೆ.

ಶುಕ್ರವಾರ ಹಸಿದುಕೊಂಡೇ ಬರುತ್ತೇನೆ. ಇಲ್ಲಿ ಬರೆದದ್ದನ್ನೆಲ್ಲ ನಿಮ್ಮ ಮುಖ ನೋಡಿ ಮತ್ತೆ ಹೇಳುತ್ತೇನೆ. ಬೈಯಿರಿ, ಮುಂಬಯಿಗೆ ಹೋಗಿ ಪೊಲೀಸರಿಗೂ ಹೇಳು, ಆ ಹುಡುಗನ ಹೆಸರು ತೊಳೆ ಎನ್ನಿ — ಹೋಗುತ್ತೇನೆ. ಅದೆಲ್ಲ ಆದ ಮೇಲೂ ನೀವು ನನಗೊಂದು ತಟ್ಟೆ ಇಡಲು ಹೇಳಿದರೆ, ಉಣ್ಣುತ್ತೇನೆ.