ತುಳಸಿಯ ಬುಡದಲ್ಲಿ ಆರು ಕಾಲು

ಮಣ್ಣನ್ನೂ ಮಣ್ಣಿನೊಳಗಿನ ಕಾಣದ ಜೀವಗಳನ್ನೂ ಹೊರುತ್ತಿರುವ ಭೂತಾಯಿಗೆ ಮೊದಲ ನಮಸ್ಕಾರ.

ಕೊಟ್ಟೂರಿನಲ್ಲಿ ನಮ್ಮ ನೆರೆಮನೆಯಲ್ಲಿದ್ದ ಪ್ರಾಣಿಶಾಸ್ತ್ರದ ಮೇಷ್ಟರು, ಯಾರು ಯಾವ ಹುಳುವಿನ ಹೆಸರು ಕೇಳಿದರೂ "ಮೊದ್ಲು ಕಾಲು ಎಣಿಸೂಣ್ರಿ" ಎನ್ನುತ್ತ ಜೇಬಿನಿಂದ ಭೂತಗನ್ನಡಿ ತೆಗೆಯುತ್ತಿದ್ದರು.

ಒಂದು ಬೆಳಿಗ್ಗೆ ನಮ್ಮ ತುಳಸಿಯ ಬುಡದಲ್ಲಿ ಎಳ್ಳಿಗಿಂತ ಸಣ್ಣ ಬಿಳಿ ಹುಳುಗಳು ಜಿಗಿಯುತ್ತಿದ್ದವು. ಗಿಡ ಉಳಿಯದೆಂದು ಹೆದರಿದ ನನ್ನ ಮಡದಿ ವಿಷದ ಪುಡಿ ಹಿಡಿದು ನಿಂತಳು. ಮೇಷ್ಟರು ಓಡಿಬಂದರು. ಹಿಡಿ ಮಣ್ಣನ್ನು ಬಿಳಿ ಕಾಗದದ ಮೇಲೆ ಹರವಿ, ಭೂತಗನ್ನಡಿ ಹಿಡಿದು, ಗುಡಿಯಲ್ಲೂ ಬಾಗದ ಆ ದೇಹವನ್ನು ತುಳಸಿಕಟ್ಟೆಯ ಮುಂದೆ ಉದ್ದಕ್ಕೆ ಚಾಚಿದರು.

ಹೂ ಮಾರುವಾಕೆ ಬೀದಿಯಲ್ಲೇ ಬುಟ್ಟಿ ಇಳಿಸಿ ಕೈಮುಗಿದಳು. "ಯವ್ವಾ, ಮೇಷ್ಟ್ರಿಗೂ ಭಕ್ತಿ ಬಂತು!"

ಮೇಷ್ಟರು ತಲೆಯೆತ್ತದೆಯೇ ನನ್ನ ಮಡದಿಗೆ ಹೇಳಿದರು: "ಆರು ಕಾಲು ಅದಾವ್ರಿ ಅಮ್ಮಾ. ಎಂಟಿದ್ರ ನುಸಿ ಅಂತಿದ್ದೆ. ಹೊಟ್ಟಿ ಕೆಳಗ ಕವೆಯಂಥ ಬಾಲ ಐತಿ, ಅದನ್ನ ನೆಲಕ್ಕ ಬಡದು ಜಿಗೀತಾವ. ಕೊಳೆತ ಎಲಿ ತಿಂತಾವ, ನಿಮ್ಮ ತುಳಸಿ ಅಲ್ಲ."

"ಗಿಡ ಒಣಗಿದ್ರ ನಿಮ್ಮನ್ನ ಬಿಡಂಗಿಲ್ಲ ನೋಡ್ರಿ!"

"ಬಿಡಬ್ಯಾಡ್ರಿ. ಪುಡಿ ಮಾತ್ರ ಒಳಗಿಡ್ರಿ."

ಮಡದಿ ಡಬ್ಬಿ ಮುಚ್ಚಿದಳು. ಕಾಗದದ ಮಣ್ಣನ್ನು, ಒಂದು ಹುಳುವೂ ಚೆಲ್ಲದಂತೆ, ತಾನೇ ಬುಡಕ್ಕೆ ಸುರಿದಳು.

ನಂಬಿದ ಆಕೆಗೂ, ತಪ್ಪು ತಿಳಿದು ಕೈಮುಗಿದ ಹೂವಿನವಳಿಗೂ, ಹುಳುಗಳಿಗಾಗಿ ಸಾಷ್ಟಾಂಗವೆರಗಿದ ಮೇಷ್ಟರಿಗೂ, ಇಂದಿಗೂ ಜಿಗಿಯುತ್ತಿರುವ ಆ ಪುಟ್ಟವರಿಗೂ ಭಗವಂತನು ಆಯುರಾರೋಗ್ಯವನ್ನು ಅನುಗ್ರಹಿಸಲಿ.