ಐಶ್ವರ್ಯಳ ಹಸಿರು ಕುಬಸ

ತೆಲಂಗಾಣದ ಮಕ್ತಲ್ ಪಕ್ಕದ ನಮ್ಮ ಊರಿಗೆ ನಾನೇ ಆಶಾ ಕಾರ್ಯಕರ್ತೆ, ಹೆಸರು ಪ್ರಶಾಂತಿ. ಈ ಊರಲ್ಲಿ ಯಾರು ಬಸುರಿ ಅನ್ನುವುದು ಅವರ ಗಂಡಂದಿರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ ಎಂದು ಹದಿನಾಲ್ಕು ವರ್ಷ ಜಂಬ ಕೊಚ್ಚಿಕೊಂಡವಳು. ಆ ಜಂಬಕ್ಕೆ ಮಣ್ಣು ಬೀಳಲಿ.

ಐಶ್ವರ್ಯ ನಮ್ಮ ಓಣಿಯ ಸೊಸೆ. ಗದ್ವಾಲದಿಂದ ಮದುವೆಯಾಗಿ ಬರುವಾಗ ಹೊಲಿಗೆ ಮಷೀನನ್ನೂ ತಂದಿದ್ದಳು. ಟೇಪು ಹಿಡಿದು ಅಳತೆ ತೆಗೆದುಕೊಂಡವಳೇ ಅಲ್ಲ. ಬಾಗಿಲಲ್ಲಿ ನಿಂತ ಹೆಂಗಸನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಹೋಗ್ರಿ ಅಕ್ಕಾ, ನಾಳೆ ಬರ್ರಿ" ಅನ್ನುತ್ತಿದ್ದಳು. ಮರುದಿನ ರವಿಕೆ ಮೈಗೆ ಅಂಟಿದಂತೆ ಕೂಡುತ್ತಿತ್ತು. ನಾನು ಸ್ವಲ್ಪ ದಪ್ಪಗಾದರೂ ಮೊದಲು ಗೊತ್ತಾಗುತ್ತಿದ್ದದ್ದು ಅವಳಿಗೇ, ಅದನ್ನು ಓಣಿಗೆಲ್ಲ ಕೇಳುವಂತೆ ಹೇಳುತ್ತಲೂ ಇದ್ದಳು.

ಬಸುರಿಯರಿಗೆ ತವರಿನವರು ತೊಡಿಸುವ ಹಸಿರು ರವಿಕೆ, ಅದೇ ಕುಬಸ, ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಎರಡೂ ಪಕ್ಕಕ್ಕೆ ಒಳಗೆ ಎರಡೆರಡು ಬೆರಳು ಬಟ್ಟೆ ಬಿಟ್ಟೇ ಹೊಲಿಯುತ್ತಿದ್ದಳು.

"ಇಷ್ಟು ಬಟ್ಟಿ ಯಾಕ ಹಾಳ್ ಮಾಡ್ತಿಯವ್ವಾ?" ಎಂದು ಒಮ್ಮೆ ಕೇಳಿದ್ದೆ.

"ಹಾಳಲ್ಲಕ್ಕಾ. ಬಸುರಿ ಹೊಟ್ಟಿ ಬೆಳೀತದ, ಆಕಿ ಕುಬಸನೂ ಬೆಳೀಬೇಕು. ಏಳನೇ ತಿಂಗಳಿಗೆ ಒಂದು ಹೊಲಿಗಿ ಬಿಚ್ಚಿದ್ರ ಸಾಕು."

ಆದರೆ ನಮ್ಮಲ್ಲೊಂದು ನಂಬಿಕೆಯಿದೆ. ಬಸಿರು ಕಳೆದುಕೊಂಡವಳ ಕೈ ಆ ಕುಬಸಕ್ಕೆ ತಾಗಬಾರದು. ಯಾವ ಪುಣ್ಯಾತ್ಮರು ಮೊದಲು ಹೇಳಿದರೋ, ಅವರ ಬಾಯಿಗೆ ಬೀಗ ಬೀಳಬೇಕಿತ್ತು.

ಮದುವೆಯಾದ ಮೂರನೇ ವರ್ಷ ಐಶ್ವರ್ಯಳಿಗೆ ಬಸಿರು ನಿಂತಿತು. ಅದನ್ನು ನನಗೆ ಹೇಳುವ ಮೊದಲೇ ರಕ್ತ ಕಂಡಿತು. ಗಂಡ ಶಿವಕಾಂತ ಕೃಷ್ಣೆ ದಾಟಿಸಿ ರಾಯಚೂರಿಗೆ ಕರೆದೊಯ್ದ. ಗರ್ಭದಲ್ಲಿ ಕೂಸೇ ಇರಲಿಲ್ಲ, ದ್ರಾಕ್ಷಿ ಗೊಂಚಲಿನಂಥ ಗುಳ್ಳೆಗಳಿದ್ದವು. ವೈದ್ಯರು ಅದನ್ನು ತೆಗೆದು, "ಇದರ ಬೇರು ಉಳಿದರೆ ಕ್ಯಾನ್ಸರ್ ಆಗಬಹುದು. ತಪ್ಪದೆ ರಕ್ತ ಪರೀಕ್ಷೆ ಮಾಡಿಸಿ. ಒಂದು ವರ್ಷ ಬಸಿರು ಬೇಡ" ಎಂದು ಫೈಲಿನಲ್ಲಿ ಬರೆದುಕೊಟ್ಟರು. ಪರೀಕ್ಷೆಗೆ ಗಂಡ ಹೆಂಡತಿ ಒಂದು ಸಲ ಹೋಗಿ ಬಂದರು. ರಕ್ತ ನಿಂತಿತು, ಇವರೂ ಹೋಗುವುದನ್ನು ನಿಲ್ಲಿಸಿದರು. ಅತ್ತೆ ಸಂಗಮ್ಮ ಆ ಫೈಲನ್ನು ಟ್ರಂಕಿನ ತಳಕ್ಕೆ ಹಾಕಿ, "ಯಾರ ಮುಂದೂ ಬಾಯಿ ಬಿಡಬ್ಯಾಡವ್ವಾ. ಗೊತ್ತಾದ್ರ ಯಾರೂ ನಿನ್ನ ಕಡೆ ಕುಬಸ ಹೊಲಿಸಂಗಿಲ್ಲ" ಅಂದಳು. ಇದೆಲ್ಲ ನನಗೆ ತಿಳಿದದ್ದು ಕಾಲ ಮಿಂಚಿದ ಮೇಲೆ.

ಆರು ತಿಂಗಳ ನಂತರ ಐಶ್ವರ್ಯ ನನ್ನ ಮನೆಗೆ ಬಂದು, "ಅಕ್ಕಾ, ಎರಡು ತಿಂಗಳಾತು ಮುಟ್ಟಾಗಿಲ್ಲ" ಅಂದಳು. ಬಸಿರು ಪರೀಕ್ಷೆಯ ಪಟ್ಟಿ ಕೊಟ್ಟೆ. ಎರಡು ಗೆರೆ ಮೂಡಿದವು, ಅದೂ ಗಾಢವಾಗಿ. ಅವಳು ನನ್ನ ಕೈ ಹಿಡಿದುಕೊಂಡು ಅತ್ತಳು. ನಾನೂ ಅತ್ತೆ. ಚೊಚ್ಚಲು ಬಸಿರು ಎಂದು ರಿಜಿಸ್ಟರಿನಲ್ಲಿ ಬರೆದುಕೊಂಡೆ. ಗದ್ವಾಲದಿಂದ ತಾಯಿ ಹಸಿರು ಖಣ ತಂದಳು. ಈ ಕುಬಸ ನಾನೇ ಹೊಲಿದುಕೊಳ್ಳುತ್ತೇನೆ ಎಂದು ಐಶ್ವರ್ಯ ಹಟ ಹಿಡಿದಳು.

ಸ್ಕ್ಯಾನಿಂಗಿಗೆ ನಾರಾಯಣಪೇಟೆಗೆ ಕರೆದೊಯ್ದವಳು ನಾನೇ, ಜೊತೆಗೆ ಸಂಗಮ್ಮನೂ ಇದ್ದಳು. ಡಾಕ್ಟರಮ್ಮ ಪರದೆ ನೋಡಿ, ಗರ್ಭಚೀಲ ಖಾಲಿ ಕಾಣುತ್ತಿದೆಯಲ್ಲ, ಹಿಂದೆ ಬಸಿರು ಏನಾದರೂ ಹೋಗಿತ್ತೇ ಎಂದು ತೆಲುಗಿನಲ್ಲಿ ಕೇಳಿದರು. ಕೇಳಿದ್ದು ಐಶ್ವರ್ಯಳನ್ನು. ಉತ್ತರ ಕೊಟ್ಟವಳು ನಾನು. "ಇಲ್ಲ ಮೇಡಂ, ಇದೇ ಮೊದಲು. ನನ್ನ ರಿಜಿಸ್ಟರಲ್ಲಿ ಇಲ್ಲದ ಬಸಿರು ನಮ್ಮೂರಲ್ಲಿ ಇಲ್ಲ." ಐಶ್ವರ್ಯ ಅತ್ತೆಯ ಮುಖ ನೋಡಿದಳು. ಸಂಗಮ್ಮ ನೆಲ ನೋಡಿದಳು. ದಿನ ಕಡಿಮೆ ಇರಬಹುದು, ಎರಡು ವಾರ ಬಿಟ್ಟು ಬನ್ನಿ ಎಂದರು ಡಾಕ್ಟರಮ್ಮ.

ಎರಡು ವಾರ ಹೋಗಿ ಆರು ವಾರವಾಯಿತು. ನಾನು ಕರೆದಾಗಲೆಲ್ಲ ಸಂಗಮ್ಮ ಒಂದೊಂದು ನೆಪ ಹೇಳಿದಳು. ಅಷ್ಟರಲ್ಲಿ ಐಶ್ವರ್ಯಳಿಗೆ ಕೆಮ್ಮು ಶುರುವಾಗಿತ್ತು. ನೂಲಿನ ಧೂಳು ಅಂದಳು. ಕೆಮ್ಮಿನಲ್ಲಿ ರಕ್ತ ಕಂಡಾಗ ನಾನು ಟಿಬಿ ಅಂದುಕೊಂಡು ಮಕ್ತಲ್ ದವಾಖಾನೆಗೆ ಕಫ ಒಯ್ದೆ. ಟಿಬಿ ಇರಲಿಲ್ಲ. ಹೈದರಾಬಾದಿಗೆ ಬರೆದುಕೊಟ್ಟರು.

ಅಲ್ಲಿ ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶದ ತುಂಬ ಬಿಳಿ ಉಂಡೆಗಳು. ದೊಡ್ಡ ಡಾಕ್ಟರು ಅದೇ ಪ್ರಶ್ನೆ ಕೇಳಿದರು. ಈ ಸಲ ನಾನು ಬಾಯಿ ತೆರೆಯುವ ಮೊದಲೇ ಶಿವಕಾಂತ ಚೀಲದಿಂದ ರಾಯಚೂರಿನ ಫೈಲು ತೆಗೆದು ಮೇಜಿನ ಮೇಲಿಟ್ಟ.

ಅವಳು ಬಸುರಿಯೇ ಆಗಿರಲಿಲ್ಲ. ಉಳಿದ ಬೇರು ಕ್ಯಾನ್ಸರ್ ಆಗಿ ಶ್ವಾಸಕೋಶಕ್ಕೆ ಹರಡಿತ್ತು. ಬಸಿರಿನಲ್ಲಿ ಮೈ ಸುರಿಸುವ ರಸವನ್ನೇ ಆ ರೋಗವೂ ಸುರಿಸುತ್ತದಂತೆ, ನನ್ನ ಪಟ್ಟಿ ಹಿಡಿದದ್ದು ಅದನ್ನು. ಬೇಗ ಬಂದಿದ್ದರೆ ಔಷಧಿಗೆ ಚೆನ್ನಾಗಿ ಬಗ್ಗುವ ಕ್ಯಾನ್ಸರ್ ಇದು ಎಂದು ಡಾಕ್ಟರು ಹೇಳಿದರು. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಎರಡು ಸಲ ಕ್ಯಾನ್ಸರ್ ಔಷಧಿಯನ್ನು ನರಕ್ಕೆ ಹತ್ತಿಸಿದರು. ಮೂರನೆಯದಕ್ಕೆ ಮೊದಲೇ ಮೆದುಳಿನಲ್ಲಿ ರಕ್ತನಾಳ ಒಡೆದು ಐಶ್ವರ್ಯ ಹೋದಳು. ಇಪ್ಪತ್ತಾರು ವರ್ಷ.

ಊರಿಗೆ ತಂದ ಮೇಲೆ ಮುತ್ತೈದೆ ಎಂದು ಹಸಿರು ಉಡಿಸಲು ಹೇಳಿದರು. ಸಂಗಮ್ಮ ಟ್ರಂಕಿನಿಂದ ಆ ಕುಬಸ ತೆಗೆದುಕೊಟ್ಟು, "ನನ್ನಿಂದ ಆಗಂಗಿಲ್ಲ, ನೀನ ತೊಡಸವ್ವಾ" ಎಂದು ಗೋಡೆಗೆ ಒರಗಿದಳು. ಅವಳನ್ನು ಬೈಯಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಬೈಯಲಿಕ್ಕೆ ನನಗೇನು ಮುಖವಿತ್ತು?

ತೋಳು ಸರಿಮಾಡಲು ಕುಬಸವನ್ನು ಒಳಮೈ ತಿರುಗಿಸಿದೆ. ಪಕ್ಕದಲ್ಲಿ ಒಂದಲ್ಲ, ನಾಲ್ಕು ಹೊಲಿಗೆ. ಒಂದರ ಒಳಗೆ ಒಂದು, ಪ್ರತಿಸಲವೂ ಅರ್ಧ ಬೆರಳು ಬಿಗಿ ಮಾಡಿದ್ದಳು. ಹೊಟ್ಟೆಯಲ್ಲಿ ಕೂಸಿದ್ದರೆ ಬಿಚ್ಚಬೇಕಾದ ಹೊಲಿಗೆಯನ್ನು ಮೂರು ಸಲ ಒಳಗೆ ಹಿಡಿದಿದ್ದಳು. ಊರಿನ ಮೈಗಳನ್ನೆಲ್ಲ ಕಣ್ಣಲ್ಲೇ ಅಳೆಯುತ್ತಿದ್ದವಳಿಗೆ ತನ್ನ ಮೈ ಕರಗುತ್ತಿರುವುದು ಗೊತ್ತಿತ್ತು.

ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಮಾತ್ರ ಅವಳು ಕತ್ತರಿಸಿರಲಿಲ್ಲ.